ಡೋರತಿಯ ಬಟ್ಟಲಿಗೆ ನಾನು ಹೆಸರು ಹಾಕಿದ್ದು

ನನ್ನ ಮೇಜಿನ ಎರಡನೆಯ ಡ್ರಾಯರಿನಲ್ಲಿ, ಬಲಗಡೆ, ಹಳೆಯ ಟವೆಲಿನಲ್ಲಿ ಸುತ್ತಿಟ್ಟ ಒಂದು ಯಂತ್ರವಿದೆ. ದಪ್ಪ ಪೆನ್ನಿನ ಆಕಾರ, ಹಿಂದೆ ಕಪ್ಪು ವೈರು, ಮುಂದೆ ಸೂಜಿಯಂಥ ಮೂತಿ. ಪ್ಲಗ್ ಹಾಕಿದರೆ ಸೀಸೆಯಲ್ಲಿ ಸಿಕ್ಕಿಕೊಂಡ ಕಣಜದ ಹಾಗೆ ಗುಂಯ್ ಎನ್ನುತ್ತದೆ. ಪಾತ್ರೆ ಅಂಗಡಿಯಲ್ಲಿ ಲೋಟ ಕೊಂಡಾಗ, "ಹೆಸರು ಹಾಕ್ಬೇಕಾ ಅಮ್ಮಾ?" ಎಂದು ಕೇಳಿ, ನೀವು ಹೂಂ ಅನ್ನುವಷ್ಟರಲ್ಲಿ ಗರಗರ ಬರೆದುಕೊಡುತ್ತಾರಲ್ಲ, ಅದೇ ಯಂತ್ರ. ನಿಮ್ಮ ಮನೆಯ ಯಾವುದಾದರೂ ಸ್ಟೀಲ್ ಡಬ್ಬಿಯನ್ನು ತಿರುಗಿಸಿ ನೋಡಿ. ನಿಮ್ಮ ಅತ್ತೆಯ ಹೆಸರೋ, ನೀವು ಎಂದೂ ಕಂಡಿರದ ಯಾರದೋ ಗೃಹಪ್ರವೇಶದ ತಾರೀಖೋ ಸಿಗುತ್ತದೆ.

ನೈರೋಬಿಯಲ್ಲಿ ಇಂಥ ಯಂತ್ರ ಇರುವುದು ನನ್ನೊಬ್ಬಳ ಹತ್ತಿರ ಎಂದು ನಾನು ನಂಬಿದ್ದೇನೆ. ಇದುವರೆಗೆ ಯಾರೂ ಅಲ್ಲಗಳೆದಿಲ್ಲ.

ಅದನ್ನು ತಂದದ್ದಕ್ಕೆ ಕಾರಣವಿತ್ತು. ನಮ್ಮ ಕನ್ನಡದವರು ಯುಗಾದಿಗೆ ಒಟ್ಟಾಗಿ ಊಟ ಮಾಡುತ್ತೇವೆ. ಪ್ರತಿ ಮನೆಯಿಂದ ಒಂದೊಂದು ಅಡುಗೆ, ಅದರ ಜೊತೆಗೆ ಒಂದೊಂದು ಪಾತ್ರೆ. ಅಡುಗೆ ಮುಗಿಯುತ್ತದೆ, ಪಾತ್ರೆ ಉಳಿಯುತ್ತದೆ. ಉಳಿದ ಪಾತ್ರೆ ಯಾರದೆಂದು ಗೊತ್ತಾಗುವುದಿಲ್ಲ. ಒಂದು ವರ್ಷ ಹುಳಿ ಪಾತ್ರೆಯ ಮುಚ್ಚಳವೊಂದನ್ನು ಇಬ್ಬರು ಹೆಂಗಸರು ಎರಡು ಕಡೆಯಿಂದ ಹಿಡಿದುಕೊಂಡು, ಬಹಳ ಮರ್ಯಾದೆಯಿಂದ, "ನೀವೇ ಇಟ್ಕೊಳ್ರಿ" "ಛೆ, ಬೇಡ ಬೇಡ, ನೀವೇ ಇಟ್ಕೊಳ್ರಿ" ಎನ್ನುತ್ತ ಹತ್ತು ನಿಮಿಷ ಎಳೆದಾಡಿದರು. ಬಾಯಿ ಕೊಡುತ್ತಿತ್ತು, ಕೈ ಬಿಡುತ್ತಿರಲಿಲ್ಲ. ಮುಂದಿನ ರಜೆಗೆ ಮೈಸೂರಿಗೆ ಹೋದವಳೇ ಯಂತ್ರ ಕೊಂಡುತಂದೆ. ಅಂದಿನಿಂದ ಯುಗಾದಿಗೆ ಮೊದಲಿನ ಶನಿವಾರ, ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ, ಹರ್ಲಿಂಗ್‌ಹ್ಯಾಮಿನ ನಮ್ಮ ಫ್ಲ್ಯಾಟಿನಲ್ಲಿ ಹೊಸ ಪಾತ್ರೆಗಳಿಗೆ ಹೆಸರು ಹಾಕುತ್ತೇನೆ. ಹನ್ನೆರಡು ಗಂಟೆ ಒಂದು ನಿಮಿಷಕ್ಕೆ ಬಂದವರು ಮುಂದಿನ ವರ್ಷ ಬರಬೇಕು.

ಇಷ್ಟು ಬಿಗಿ ಏಕೆ ಎಂದು ಕೇಳಿದರೆ ನಮ್ಮ ತಂದೆಯನ್ನು ಕೇಳಬೇಕು. ಅವರು ಮೈಸೂರಿನ ಒಂದು ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರು. ಮನೆಯಲ್ಲಿ ಐದು ಮಕ್ಕಳು, ಒಂದು ಸೀಟಿ. ಮೊದಲ ಸೀಟಿಗೆ ಏಳಬೇಕು, ಎರಡನೆಯದಕ್ಕೆ ಹಾಸಿಗೆ ಸುತ್ತಬೇಕು, ಮೂರನೆಯದಕ್ಕೆ ಬಚ್ಚಲಿನ ಮುಂದೆ ಎತ್ತರದ ಪ್ರಕಾರ ಸಾಲು ನಿಲ್ಲಬೇಕು. ಒಮ್ಮೆ ಅಮ್ಮ ಒಗ್ಗರಣೆಗೆ ಸಾಸಿವೆ ಹಾಕುವ ಹೊತ್ತಿಗೆ ಸೀಟಿ ಬಿದ್ದು, ಅಭ್ಯಾಸಬಲದಿಂದ ಅವಳೂ ಸೌಟು ಹಿಡಿದು ಬಂದು ನಮ್ಮ ಸಾಲಿನಲ್ಲಿ ನಿಂತುಬಿಟ್ಟಿದ್ದಳು.

ನನ್ನ ಕೊನೆಯ ತಮ್ಮ ಹುಟ್ಟಿದಾಗ ಅಜ್ಜಿಯ ಕಾಲುಚೈನು, ಒಡೆದ ಕುಂಕುಮದ ಭರಣಿ, ಒಂದೆರಡು ಹಳೆಯ ಬೆಳ್ಳಿ ನಾಣ್ಯ ಎಲ್ಲ ಕರಗಿಸಿ ಒಳಲೆ ಮಾಡಿಸಿದರು. ಕೂಸಿಗೆ ಹಾಲು ಕುಡಿಸುವ ಮೂತಿಯ ಬಟ್ಟಲು. ಅಕ್ಕಸಾಲಿಗರ ಮುಂದೆ ಅಪ್ಪ ಸ್ಟೂಲು ಹಾಕಿಕೊಂಡು ಬೆಳಿಗ್ಗೆಯಿಂದ ಕೂತರು. ಟಿಫನ್ ಕ್ಯಾರಿಯರ್ ಕೊಡಲು ಹೋದ ನಾನು ಕಿವಿಯಾರೆ ಕೇಳಿದೆ.

"ಮೇಷ್ಟ್ರೇ, ಊಟಕ್ಕಾದ್ರೂ ಎದ್ದು ಹೋಗ್ಬನ್ನಿ. ಬೆಳ್ಳಿ ಎಲ್ಲೂ ಓಡೋಗಲ್ಲ."

"ಬೆಳ್ಳಿಗೆ ಕಾಲಿಲ್ಲ ಆಚಾರ್ರೇ, ಗೊತ್ತು. ಕಾಲು ಬರಿಸೋರು ಇರ್ತಾರೆ ನೋಡಿ," ಎಂದು ಅಪ್ಪ ಅಲ್ಲೇ ಕ್ಯಾರಿಯರ್ ಬಿಚ್ಚಿದರು.

ಈ ಕಥೆಯನ್ನು ನಾನು ಡೋರತಿಗೆ ಹೇಳಿದಾಗ ಅವಳು ಕಾಫಿ ಕಪ್ಪು ಕೆಳಗಿಟ್ಟು, "ನಮ್ಮಲ್ಲೂ ಹಾಗೇ!" ಎಂದು ಕೂಗಿದಳು. ಅವಳು ಸುಮ್ಮಸುಮ್ಮನೆ ಕೂಗುವವಳಲ್ಲ.

ಡೋರತಿ ಅಮೆರಿಕದವಳು. ಲೈಬ್ರರಿಯನ್ ಆಗಿ ನೈರೋಬಿಗೆ ಬಂದು, ನಿವೃತ್ತಳಾಗಿ, ಇಲ್ಲಿಯ ಸ್ಪ್ರಿಂಗ್ ವ್ಯಾಲಿ ಬಡಾವಣೆಯಲ್ಲಿ ಒಬ್ಬಳೇ ಇದ್ದಾಳೆ. ನನಗಿಂತ ಐದು ವರ್ಷ ದೊಡ್ಡವಳು, ನನಗಿಂತ ಒಂದು ಅಡಿ ಎತ್ತರ. ನಮ್ಮ ಪರಿಚಯವಾದದ್ದು ಒಂದು ಅಂಚೆ ಕಚೇರಿಯ ಸಾಲಿನಲ್ಲಿ. ಒಬ್ಬ ದೊಡ್ಡ ಮನುಷ್ಯ ನಡುವೆ ನುಗ್ಗಿದ. ಅವನ ಎಡಗಿವಿಗೆ ಅವಳೂ ಬಲಗಿವಿಗೆ ನಾನೂ ಒಂದೇ ಕ್ಷಣಕ್ಕೆ, "ಸಾಲು ಅಲ್ಲಿಂದ ಶುರು" ಎಂದೆವು. ಅಂದಿನಿಂದ ಇಪ್ಪತ್ತು ವರ್ಷ, ಪ್ರತಿ ಗುರುವಾರ ಹತ್ತೂವರೆಗೆ ಅವಳ ಮನೆಯಲ್ಲಿ ಕಾಫಿ. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲಿ; ಇಲ್ಲಿ ನಾನು ಕನ್ನಡದಲ್ಲಿ ಬರೆಯುವಾಗ ಸಲಿಗೆಯಿಂದ ಏಕವಚನ ಹಾಕಿಕೊಂಡಿದ್ದೇನೆ.

ಅವಳಿಗೆ ಹಳೆಯ ಅಮೆರಿಕದ ಬೆಳ್ಳಿ ಸಾಮಾನಿನ ಹುಚ್ಚು. ಅವಳ ಊರಿನ ಕಡೆ ಆ ಕಾಲದಲ್ಲಿ ಬೆಳ್ಳಿಯ ಗಣಿ ಇರಲಿಲ್ಲವಂತೆ, ಬ್ಯಾಂಕೂ ಇರಲಿಲ್ಲವಂತೆ. ಹಡಗಿನ ವ್ಯಾಪಾರದಲ್ಲಿ ಬಂದ ಸ್ಪೇನಿನ ನಾಣ್ಯಗಳೇ ಬೆಳ್ಳಿ. ನಾಣ್ಯ ಕಳುವಾದರೆ ನನ್ನದು ಎಂದು ಗುರುತು ಹೇಳುವುದು ಹೇಗೆ? ಅದಕ್ಕೇ ಚೀಲದಲ್ಲಿ ತಂದು ಅಕ್ಕಸಾಲಿಗನ ಮುಂದೆ ಸುರಿದು ಲೋಟವನ್ನೋ ಬಟ್ಟಲನ್ನೋ ಮಾಡಿಸಿಕೊಳ್ಳುತ್ತಿದ್ದರು. ಆತ ಕರಗಿಸಿ, ಗಟ್ಟಿ ಹೊಯ್ದು, ಬಡಿದು ತಗಡು ಮಾಡಿ, ದುಂಡಗೆ ಕತ್ತರಿಸಿ, ನಟ್ಟನಡುವೆ ಕೈವಾರದ ಚುಕ್ಕಿ ಇಟ್ಟು, ಆ ಚುಕ್ಕಿಯ ಸುತ್ತ ಸುತ್ತಿಗೆಯ ಪೆಟ್ಟು ಹಾಕುತ್ತ ಹೋಗುತ್ತಿದ್ದ. ಬಡಿದಷ್ಟೂ ಬೆಳ್ಳಿ ಬಿರುಸಾಗುತ್ತದೆ. ಮತ್ತೆ ಕಾಯಿಸಿ ಮೆತ್ತಗೆ ಮಾಡಬೇಕು, ಮತ್ತೆ ಬಡಿಯಬೇಕು. ಹಾಗೆ ತಟ್ಟೆಯಂಥದು ನಿಧಾನವಾಗಿ ಎದ್ದು ಬಟ್ಟಲಾಗುತ್ತದೆ. ಕೊನೆಗೆ ತನ್ನ ಹೆಸರಿನ ಎರಡು ಅಕ್ಷರದ ಅಚ್ಚು ಒತ್ತುತ್ತಿದ್ದ. ಸರ್ಕಾರದ ಮುದ್ರೆ ಎಂಬುದಿರಲಿಲ್ಲ. ಆ ಎರಡು ಅಕ್ಷರವೇ ಭರವಸೆ. ಆಮೇಲೆ ಮನೆಯವರದು: ಮೂರು ಅಕ್ಷರ, ತ್ರಿಕೋನದಲ್ಲಿ. ಮೇಲೆ ಮನೆತನ, ಕೆಳಗೆ ಎಡಕ್ಕೆ ಗಂಡ, ಬಲಕ್ಕೆ ಹೆಂಡತಿ. ಕೆಲವರು ತೂಕವನ್ನೂ ಬುಡದಲ್ಲಿ ಗೀಚಿಸುತ್ತಿದ್ದರು.

"ನಮ್ಮವರೇ ಹಾಗಾದರೆ!" ಎಂದೆ ನಾನು. ಪಾತ್ರೆಯ ಬುಡದಲ್ಲಿ ಹೆಸರು ಬರೆಸುವ ಜನ ಎಲ್ಲಿದ್ದರೂ ನಮ್ಮ ಬಳಗ.

ಅವಳ ಮನೆಯಲ್ಲಿ ಅಂಥದೊಂದು ಬಟ್ಟಲಿತ್ತು. ಅಂಗೈಯಗಲ, ಒಂದು ಪಕ್ಕಕ್ಕೆ ಮಾತ್ರ ಚಪ್ಪಟೆ ಹಿಡಿ, ಹಿಡಿಯಲ್ಲಿ ರಂಗೋಲಿಯ ಹಾಗೆ ಕೊರೆದ ತೂತುಗಳು. ಮಕ್ಕಳಿಗೆ ಗಂಜಿ ತಿನ್ನಿಸುವುದಕ್ಕೆ. ಬುಡದಲ್ಲಿ ಅಕ್ಕಸಾಲಿಗನ ಅಚ್ಚು, ತ್ರಿಕೋನ, ತೂಕ, ಅದರ ಕೆಳಗೆ ಮಗಳಿಂದ ಮಗಳಿಗೆ ಬಂದ ಒಂದಿಷ್ಟು ಹೆಸರುಗಳ ಅಕ್ಷರಗಳು. ಇಪ್ಪತ್ತು ವರ್ಷದಲ್ಲಿ ನಾನು ಅದನ್ನು ಮೂರು ಸಲ ಮುಟ್ಟಿದ್ದೇನೆ. ಮೂರು ಸಲವೂ ಮೊದಲು ಕೈ ತೊಳೆಸಿದಳು. ಒಮ್ಮೆ ನಾನು, "ಹುಣಸೆಹಣ್ಣು ಹಾಕಿ ತಿಕ್ಕಿ, ವಿಭೂತಿಯಲ್ಲಿ ಒರೆಸಿದರೆ ಥಳಥಳ ಹೊಳೆಯುತ್ತೆ" ಎಂದು ಸಲಹೆ ಕೊಟ್ಟೆ. ಅವಳು ಬಟ್ಟಲನ್ನು ಎದೆಗವಚಿಕೊಂಡು ಎರಡು ಹೆಜ್ಜೆ ಹಿಂದಕ್ಕೆ ಹೋದಳು.

ಈ ವರ್ಷ ಯುಗಾದಿಗೆ ಎರಡು ವಾರ ಮುಂಚೆ ಅವಳ ಮನೆಗೆ ಬಣ್ಣ ಹೊಡೆಸಬೇಕಾಯಿತು. ಅವಳೇ ಟ್ಯಾಕ್ಸಿ ಮಾಡಿಕೊಂಡು ಬಂದು, ಫ್ಲಾನೆಲ್ ಬಟ್ಟೆಯಲ್ಲಿ ಸುತ್ತಿದ ಬಟ್ಟಲನ್ನು ನನ್ನ ಕೈಗಿಟ್ಟಳು.

"ಮುಂದಿನ ತಿಂಗಳು ನಮ್ಮೂರಿನ ಮ್ಯೂಸಿಯಂನವಳು ಬರುತ್ತಾಳೆ. ನನಗೆ ಮಕ್ಕಳಿಲ್ಲ. ಅಲ್ಲಿಗೆ ಕೊಡಬೇಕೆಂದಿದ್ದೇನೆ. ಆದರೆ ಅವರು ಪರೀಕ್ಷೆ ಮಾಡಿ, ಕೆಟ್ಟಿಲ್ಲ ಅಂತಾದರೆ ಮಾತ್ರ ತೆಗೆದುಕೊಳ್ಳೋದು. ಅಲ್ಲಿಯವರೆಗೆ ನಿನ್ನ ಹತ್ತಿರ ಇರಲಿ. ಕಮಲಾ, ಈ ಊರಿನಲ್ಲಿ ನಿನ್ನಷ್ಟು ಅಚ್ಚುಕಟ್ಟಿನವರು ಇನ್ನೊಬ್ಬರಿಲ್ಲ."

ಇದನ್ನು ಅವಳು ನಮ್ಮ ಯಜಮಾನರ ಎದುರಿಗೇ ಹೇಳಿದ್ದು. ಅವರು ನಿವೃತ್ತ ಡಾಕ್ಟರು. ಅವರ ಅಚ್ಚುಕಟ್ಟೆಲ್ಲ ಆಸ್ಪತ್ರೆಯಲ್ಲೇ ಖರ್ಚಾಗಿಹೋಗಿದೆ. ನಾನು ಅವರ ಮುಖವನ್ನು ಒಮ್ಮೆ ಗಮನವಿಟ್ಟು ನೋಡಿ, ಬಟ್ಟಲನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ.

ಶನಿವಾರ ಬಂತು. ನಮ್ಮ ಮನೆಯ ಕೆಲಸಕ್ಕೆ ಬರುವ ಗ್ರೇಸ್, ಹದಿನೈದು ವರ್ಷದಿಂದ ನನ್ನ ಪದ್ಧತಿಗಳನ್ನೆಲ್ಲ ಸಹಿಸಿರುವ ಹೆಂಗಸು, ಊಟದ ಮೇಜಿನ ಮೇಲೆ ಪೇಪರ್ ಹಾಸಿ ಪಾತ್ರೆಗಳನ್ನು ಕವುಚಿ ಸಾಲಾಗಿ ಇಟ್ಟಳು. ನನ್ನ ನಿಯಮ ಸರಳ. ತಂದವರು ತಮ್ಮ ಪಾತ್ರೆಯ ಮೇಲೆ ಹೆಸರಿನ ಚೀಟಿ ಇಡಬೇಕು. ಚೀಟಿಯಲ್ಲಿದ್ದದ್ದನ್ನು ನಾನು ಕೆತ್ತುತ್ತೇನೆ. ಚೀಟಿ ಇಲ್ಲದ್ದು ನನ್ನ ಮನೆಯದು.

ಬೆಂಗಳೂರಿನಿಂದ ಬ್ಯಾಂಕ್ ಕೆಲಸಕ್ಕೆ ಬಂದಿರುವ ಪ್ರೀತಿ ಎಂಬ ಹುಡುಗಿ ಪಾಯಸದ ಪಾತ್ರೆ ತಂದಿದ್ದಳು.

"ಆಂಟಿ, ಒಂದ್ ಸ್ಟಿಕ್ಕರ್ ಅಂಟಿಸಿದ್ರೆ ಸಾಕಲ್ವಾ? ಇಷ್ಟೆಲ್ಲಾ ಯಾಕೆ?"

"ಸ್ಟಿಕ್ಕರ್ ಬಿಸಿನೀರಿಗೆ ಬಿಟ್ಟೋಗತ್ತೆ. ಹೆಸರು ಅಂದ್ಮೇಲೆ ಉಳೀಬೇಕಮ್ಮ."

ಈ ಮಾತು ಆಡುತ್ತಲೇ ನನ್ನ ಕೈ ಕೆಲಸ ಮಾಡುತ್ತಿತ್ತು. ಅತ್ತ ನಮ್ಮ ಡಾಕ್ಟರು ಪ್ರೀತಿಯ ಗಂಡನಿಗೆ ಅಮೆರಿಕದ ಬೆಳ್ಳಿಯ ಚರಿತ್ರೆ ಹೇಳುವ ಉತ್ಸಾಹದಲ್ಲಿ, ಬೀರುವಿನ ಬೀಗ ತೆಗೆದು ಬಟ್ಟಲನ್ನು ತೋರಿಸಿ, ಬುಡದ ಅಚ್ಚು ಕಾಣಲೆಂದು ಕವುಚಿ, ಎಲ್ಲಿಟ್ಟರು ಗೊತ್ತೇ? ಮೇಜಿನ ಮೇಲೆ. ಸಾಲಿನ ಕೊನೆಯಲ್ಲಿ. ಅವರು ಬದುಕಿನಲ್ಲಿ ಮೊದಲ ಸಲ ಒಂದು ವಸ್ತುವನ್ನು ಸಾಲಾಗಿ ಇಟ್ಟದ್ದು ಅದೇ.

ನಾನು ಪಾತ್ರೆಯ ಮುಖ ನೋಡುವುದಿಲ್ಲ, ಬುಡದ ಅಂಚಷ್ಟೇ ನೋಡುತ್ತೇನೆ. ಕೊನೆಯದಕ್ಕೆ ಬಂದೆ. ಚೀಟಿ ಇಲ್ಲ. ಯಂತ್ರದ ಮೂತಿ ಇಟ್ಟೆ. ಸ್ಟೀಲಿಗಾದರೆ ಒತ್ತಬೇಕು, ಇದು ಮಾಗಿದ ಸೀಬೆಹಣ್ಣಿಗೆ ಉಗುರು ಊರಿದ ಹಾಗೆ ಮೆತ್ತಗೆ ಇಳಿಯಿತು. ಹೊಸ ಪಾತ್ರೆ ಇಷ್ಟು ಮೆದುವೇ, ಈಗಿನ ಸ್ಟೀಲೇ ಹೀಗೆ ಎಂದುಕೊಳ್ಳುತ್ತ "ಕಮಲಾಕ್ಷಿ, ಯುಗಾದಿ" ಎಂದು ಬರೆದು ಮುಗಿಸಿದೆ. ಬಹಳ ಚೆನ್ನಾಗಿ ಬಂದಿತ್ತು. ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ.

ಗ್ರೇಸ್ ಪಾತ್ರೆ ಎತ್ತಿಕೊಂಡವಳು ನಿಂತಳು. "ಮಾಮಾ. ಹೀ ನಿ ಯಾ ಮ್ಜುಂಗು." ಅಮ್ಮಾ, ಇದು ಆ ಬಿಳಿಯಮ್ಮನದು.

ಯಂತ್ರ ಇನ್ನೂ ಗುಂಯ್ ಎನ್ನುತ್ತಿತ್ತು. ಆರಿಸುವುದು ಯಾರಿಗೂ ಹೊಳೆಯಲಿಲ್ಲ. "ಪೋಲೆ, ಮಾಮಾ," ಎಂದು ಗ್ರೇಸ್ ಸಾವಿನ ಮನೆಯಲ್ಲಿ ಸಮಾಧಾನ ಹೇಳುವ ಹಾಗೆ ನನ್ನ ಭುಜ ಮುಟ್ಟಿದಳು. ಪ್ರೀತಿ ಮತ್ತು ಅವಳ ಗಂಡ ತಮ್ಮ ಪಾಯಸದ ಪಾತ್ರೆಯನ್ನು ಎತ್ತಿಕೊಂಡು, ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದು ಹೋದರು.

"ರೀ," ಎಂದೆ.

"ಕುಂಕುಮ ಹಚ್ಚಿಬಿಡು," ಎಂದರು ಡಾಕ್ಟರು. "ಪೂಜೆ ಮಾಡಿದ್ವಿ ಅಂತ ಹೇಳೋಣ."

ಸೋಮವಾರ ಬೆಳಿಗ್ಗೆ ಪೇಟೆಯ ಒಬ್ಬ ಗುಜರಾತಿ ಅಕ್ಕಸಾಲಿಗರ ಹತ್ತಿರ ಹೋದೆ. ಅವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನೋಡಿ ನಕ್ಕರು. "ಐದು ನಿಮಿಷದ ಕೆಲಸ ಬೆಹನ್‌ಜೀ. ಚಕ್ರಕ್ಕೆ ಹಿಡಿದು ಪಾಲಿಶ್ ಹೊಡೆದರೆ ಆಯಿತು. ಈ ಹಳೇ ಗೀರುಗಳೂ ಎಲ್ಲಾ ಹೋಗುತ್ತವೆ. ಫ್ಯಾಕ್ಟರಿಯಿಂದ ಬಂದ ಹಾಗೆ ಆಗುತ್ತದೆ."

ಅವರ ಬೆರಳು ತೋರಿಸುತ್ತಿದ್ದ ಹಳೇ ಗೀರುಗಳೆಂದರೆ ಆ ಎರಡು ಅಕ್ಷರದ ಅಚ್ಚು, ತ್ರಿಕೋನ, ತೂಕ. ಚಕ್ರ ಆಗಲೇ ತಿರುಗುತ್ತಿತ್ತು. ನಿಜ ಹೇಳುತ್ತೇನೆ, ಒಂದು ಗಳಿಗೆ ನಾನು ಸುಮ್ಮನಿದ್ದೆ. ನನ್ನ ಹೆಸರಷ್ಟೇ ಹೋಗಿಬಿಡುವಂತಿದ್ದರೆ ಹೂಂ ಅನ್ನುತ್ತಿದ್ದೆ. ಆದರೆ ನನ್ನ ತಪ್ಪು ಮುಚ್ಚುವುದಕ್ಕೆ, ಬೆಂಕಿಯ ಮುಂದೆ ಕೂತು ಅದನ್ನು ಬಡಿದು ಎಬ್ಬಿಸಿದವನ ಹೆಸರನ್ನೂ ಅಳಿಸಬೇಕಿತ್ತು. ಬಟ್ಟಲನ್ನು ಅವರ ಕೈಯಿಂದ ಕಿತ್ತುಕೊಂಡೆ. ಹತ್ತಿಪ್ಪತ್ತು ವರ್ಷ ಹಾಸ್ಟೆಲ್ ವಾರ್ಡನ್ ಆಗಿದ್ದವಳಿಗೆ ಕಿತ್ತುಕೊಳ್ಳುವುದು ಚೆನ್ನಾಗಿ ಬರುತ್ತದೆ.

ಗುರುವಾರ ಮಟಾಟು ವ್ಯಾನು ಹತ್ತಿ ವೆಸ್ಟ್‌ಲ್ಯಾಂಡ್ಸಿಗೆ ಹೋಗಿ, ಅಲ್ಲಿಂದ ಡೋರತಿಯ ಮನೆಗೆ ನಡೆದೆ. ಕೈಚೀಲದಲ್ಲಿ ಬಟ್ಟಲು, ರವಿಕೆಯಲ್ಲಿ ಒಂದು ಕಾರ್ಡು. ಕಾರ್ಡಿನಲ್ಲಿ ಮೂರು ಅಂಶ ಬರೆದುಕೊಂಡಿದ್ದೆ. ಒಂದು, ಏನಾಯಿತು. ಎರಡು, ಹೇಗಾಯಿತು. ಮೂರು, ಮುಂದೇನು. ಮೂರನೆಯದರ ಮುಂದೆ ಖಾಲಿ ಇತ್ತು.

ಒಂದನೆಯದನ್ನು ಓದಿ ಮುಗಿಸುವ ಮೊದಲೇ ಡೋರತಿ ಬಟ್ಟಲನ್ನು ತಿರುಗಿಸಿ ನೋಡಿದ್ದಳು.

"ಇದೇನು?"

"ನನ್ನ ಹೆಸರು."

"ನನ್ನ ಬಟ್ಟಲಿನ ಮೇಲೆ?"

"ಕೆಳಗೆ," ಎಂದೆ. ನಿಖರವಾಗಿ ಮಾತಾಡುವುದು ನನ್ನ ಅಭ್ಯಾಸ. ಆ ಹೊತ್ತಿಗೆ ಅದು ಬೇಕಿರಲಿಲ್ಲ.

ಅವಳು ಕೂಗಲಿಲ್ಲ. ಕೂಗಿದ್ದರೆ ನಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆ. ಹೊಸ ಬಣ್ಣದ ವಾಸನೆಯ ಆ ಕೋಣೆಯಲ್ಲಿ ಬಟ್ಟಲನ್ನು ಫ್ಲಾನೆಲಿನಲ್ಲಿ ಸುತ್ತುತ್ತ, "ನಾನು ಇದರಲ್ಲಿ ಒಂದು ಚಮಚ ಸಕ್ಕರೆ ಕೂಡ ಹಾಕಿಟ್ಟವಳಲ್ಲ. ಅವರು ಇನ್ನು ಇದನ್ನು ತೆಗೆದುಕೊಳ್ಳುವುದಿಲ್ಲ, ಕಮಲಾ. ಮುಂದಿನ ಗುರುವಾರ ನೀನು ಬರುವುದು ಬೇಡ," ಎಂದಳು.

ಅದರ ಮುಂದಿನ ಗುರುವಾರವೂ ಕರೆಯಲಿಲ್ಲ. ಇಪ್ಪತ್ತು ವರ್ಷದಿಂದ ಹತ್ತೂವರೆಗೆ ಎಲ್ಲಿರಬೇಕೆಂದು ಗೊತ್ತಿದ್ದ ನನಗೆ ಈಗ ಹತ್ತೂವರೆ ಎಂದರೆ ಭಯ. ಮೊದಲ ಗುರುವಾರ ಗುಂಡಿಗಳ ಡಬ್ಬಿಯನ್ನು ಬಣ್ಣದ ಪ್ರಕಾರ ಜೋಡಿಸಿದೆ. ಎರಡನೆಯ ಗುರುವಾರ ತೂತಿನ ಪ್ರಕಾರ. ಮೂರನೆಯ ಗುರುವಾರ ಡಾಕ್ಟರು ತಮ್ಮ ಕಾಲುಚೀಲಗಳ ಮೇಲೆ ನಂಬರು ನೋಡಿ ಹೌಹಾರಿದರು.

"ಕಮಲಾ, ಎಡಗಾಲಿಂದಕ್ಕೆ ಏಳು, ಬಲಗಾಲಿಂದಕ್ಕೆ ಎಂಟು ಹಾಕಿದೀಯಲ್ಲೇ. ಹೋಗಿ ಅವಳ ಕಾಲಿಗೆ ಬೀಳೇ. ಇಲ್ದಿದ್ರೆ ಮುಂದಿನ್ವಾರ ನನ್ನ ಬೆನ್ಮೇಲೆ ಹೆಸರು ಬರೀತೀಯ."

"ನಿಮ್ಮ ಬೆನ್ನಿಂದಲೇ ಇಷ್ಟೆಲ್ಲಾ ಆಗಿದ್ದು. ಬೀರು ಬಾಗಿಲು ತೆಗೆದೋರು ಯಾರು?"

ಆ ಸಂಜೆ ನಾನು ಸುಮ್ಮನೆ ಫೋನಿನ ಹತ್ತಿರ ಕೂತಿದ್ದೆ. ಕಾಲಿಗೆ ಬೀಳುವುದು ಕಷ್ಟವಲ್ಲ, ಮಂಡಿನೋವಿದ್ದರೂ ಬೀಳಬಹುದು. ಅವಳು ಎತ್ತದಿದ್ದರೆ ಏನು ಮಾಡುವುದು?

ನಾಲ್ಕನೆಯ ವಾರ, ಬುಧವಾರ, ಅವಳೇ ಫೋನು ಮಾಡಿದಳು. ಧ್ವನಿ ಲೈಬ್ರರಿಯ ನೋಟೀಸಿನಂತಿತ್ತು. "ನಾಳೆ ಹತ್ತೂವರೆ. ಮ್ಯೂಸಿಯಂನವಳು ಬಂದಿದ್ದಾಳೆ. ನೀನು ಬರೆದದ್ದನ್ನು ಓದುವವರು ಬೇಕಂತೆ. ಯಾವುದರಿಂದ ಬರೆದೆ, ಅದನ್ನೂ ತರಬೇಕಂತೆ."

ರೂತ್ ಎಂಬ ಆ ಹೆಂಗಸು ಮೃದು ಮಾತಿನವಳು, ಕೈಗೆ ಬಿಳಿ ಗವಸು. ಬಟ್ಟಲಿನ ಬುಡವನ್ನು ಭೂತಗನ್ನಡಿಯಲ್ಲಿ ನೋಡುತ್ತ ಕೇಳಿದ್ದನ್ನೆಲ್ಲ ಒಂದು ಫಾರಮ್ಮಿನಲ್ಲಿ ಬರೆದುಕೊಳ್ಳುತ್ತಿದ್ದಳು. ಏನೆಂದು ಬರೆದಿದೆ? ಯಾವ ಲಿಪಿ? ಯಾವ ದಿನ? ಯಾವ ಸಾಧನ? ನಾನು ಎಲ್ಲಕ್ಕೂ ಉತ್ತರ ಕೊಟ್ಟೆ. ಶನಿವಾರ, ಹನ್ನೊಂದು ಗಂಟೆ ಇಪ್ಪತ್ತು ನಿಮಿಷ ಎಂಬುದನ್ನೂ ಸೇರಿಸಿದೆ.

"ಇಷ್ಟು ಸರಿಯಾದ ವಿವರ ಯಾವ ಬಟ್ಟಲಿನ ಬಗ್ಗೆಯೂ ನನಗೆ ಸಿಕ್ಕಿರಲಿಲ್ಲ," ಎಂದಳು ರೂತ್. ನಾನು ಡೋರತಿಯ ಕಡೆ ನೋಡಿದೆ. ಡೋರತಿ ಗೋಡೆಯ ಕಡೆ ನೋಡುತ್ತಿದ್ದಳು.

"ದಯವಿಟ್ಟು ಅದರ ಮುಂದೆ 'ತಪ್ಪಿನಿಂದ ಆದದ್ದು' ಎಂದು ಬರೆಯಿರಿ," ಎಂದೆ.

"ನಮ್ಮ ಫಾರಮ್ಮಿನಲ್ಲಿ ಆ ಕಲಂ ಇಲ್ಲ. 'ಬಟ್ಟಲಿನ ಮೇಲಿರುವ ಹೆಸರುಗಳು' ಎಂದು ಮಾತ್ರ ಇದೆ."

ಡೋರತಿ ಮೊದಲ ಸಲ ಬಾಯಿಬಿಟ್ಟಳು. "ಅಂದರೆ ತೆಗೆದುಕೊಳ್ಳುತ್ತೀರಾ?"

"ಯಾಕಿಲ್ಲ? ಪಾಲಿಶ್ ಹೊಡೆಸಿ ಅಚ್ಚು ಅಳಿಸಿದ್ದರೆ ತೆಗೆದುಕೊಳ್ಳುತ್ತಿರಲಿಲ್ಲ. ಅದೊಂದೇ ನಮಗೆ ಭಯ. ಅಂಥದ್ದೇ ಹೆಚ್ಚು ಬರುತ್ತವೆ."

ನಾನು ಪೇಟೆಯ ಚಕ್ರದ ಕಥೆಯನ್ನು ಆಗ ಹೇಳಿದೆ. ನನ್ನ ಕಾರ್ಡಿನಲ್ಲಿ ಅದು ಇರಲಿಲ್ಲ. ಒಂದು ಗಳಿಗೆ ಸುಮ್ಮನಿದ್ದೆನೆಂಬುದನ್ನೂ ಬಿಡದೆ ಹೇಳಿದೆ. ಡೋರತಿ ಗೋಡೆಯನ್ನು ಬಿಟ್ಟು ನನ್ನ ಕಡೆ ತಿರುಗಿದಳು.

ರೂತ್ ಪಟ್ಟಿಯನ್ನು ಗಟ್ಟಿಯಾಗಿ ಓದಿದಳು. ಮೊದಲ ಗಂಡಹೆಂಡತಿ. ಅವರ ಮಗಳು. ಆ ಮಗಳ ಮಗಳು. ಹೀಗೆ ಇಳಿಯುತ್ತ ಬಂದು ಕೊನೆಗೆ ಡೋರತಿಯ ಅಜ್ಜಿ. "ಅದಾದ ಮೇಲೆ, ಕಮಲಾಕ್ಷಿ."

"ನಡುವೆ ಇಬ್ಬರು ಬಿಟ್ಟುಹೋಗಿದ್ದಾರೆ," ಎಂದಳು ಡೋರತಿ.

"ಇಲ್ಲಿ ಬೇರೆ ಹೆಸರೇ ಇಲ್ಲವಲ್ಲ."

"ಅದನ್ನೇ ಹೇಳುತ್ತಿದ್ದೇನೆ. ಅಮ್ಮನ ಕಾಲಕ್ಕೆ ಯಾರೋ ಬಂದು, ಇದು ಬಹಳ ಹಳೆಯದು, ಇನ್ನು ಮುಟ್ಟಬೇಡಿ ಎಂದರು. ಅಮ್ಮ ತನ್ನ ಹೆಸರು ಹಾಕಿಸಲಿಲ್ಲ. ನನ್ನದು ಹಾಕಿಸು ಎಂದು ನಾನು ಅತ್ತಿದ್ದೆ. ಏಳು ವರ್ಷ ಆಗ ನನಗೆ." ಅವಳು ಮುಂದಿದ್ದ ಪೆನ್ನನ್ನು ಪಕ್ಕಕ್ಕೆ ಸರಿಸಿದಳು. "ನಾನಿನ್ನೂ ಸಹಿ ಮಾಡಿಲ್ಲ, ಅಲ್ಲವೇ? ಹಾಗಾದರೆ ಈ ಹೊತ್ತಿಗೆ ಬಟ್ಟಲು ನನ್ನದು."

ರೂತ್ ಅವಳನ್ನು ನೋಡಿದಳು, ನನ್ನನ್ನು ನೋಡಿದಳು, ಮೇಜಿನ ಮೇಲೆ ಟವೆಲಿನಿಂದ ಇಣುಕುತ್ತಿದ್ದ ಯಂತ್ರವನ್ನು ನೋಡಿದಳು. ಆಮೇಲೆ ನಿಧಾನವಾಗಿ ಗವಸು ಬಿಚ್ಚಿದಳು. "ನಿಮ್ಮ ತೋಟದಲ್ಲಿ ಹಕ್ಕಿಗಳು ಬಹಳ ಎಂದಿದ್ದಿರಿ. ನೋಡಿ ಬರುತ್ತೇನೆ. ನನಗೆ ಏನೂ ಕೇಳಿಸುವುದಿಲ್ಲ." ಬಾಗಿಲನ್ನು ಹೊರಗಿನಿಂದ ಎಳೆದುಕೊಂಡು ಹೋದಳು.

"ಇಂಗ್ಲಿಷಿನಲ್ಲಿ ಬರೆಯಲೇ?" ಎಂದೆ.

"ಆ ಬುಡದಲ್ಲಿ ಇಂಗ್ಲಿಷು ಸಾಕಷ್ಟಿದೆ. ನಿನ್ನ ಅಕ್ಷರದಲ್ಲೇ ಬರಿ. ಮೊದಲು ಅಮ್ಮನ ಹೆಸರು, 'ಏನಾ'. ಆಮೇಲೆ ನನ್ನದು."

ನೂರಾರು ಪಾತ್ರೆಗೆ ಹೆಸರು ಬರೆದ ನಾನು ಅಂದು ಯಂತ್ರದ ಮೂತಿಯನ್ನು ಎರಡು ಸಲ ಇಟ್ಟು ಎರಡು ಸಲ ತೆಗೆದೆ. ಡೋರತಿ ಎರಡು ಕೈಯಲ್ಲೂ ಬಟ್ಟಲನ್ನು ಅದುಮಿ ಹಿಡಿದಿದ್ದಳು. "ಏನಾ" ಹೇಗೋ ಮುಗಿಯಿತು. ಡೋರತಿಯ ಮೊದಲ ಅಕ್ಷರ ಅರ್ಧಕ್ಕೆ ಬಂತು.

"ಓರೆಯಾಗುತ್ತಿದೆ," ಎಂದಳು ಅವಳು. "ನಿನ್ನದು ಮಾತ್ರ ಗೆರೆ ಎಳೆದ ಹಾಗೆ ನೆಟ್ಟಗಿದೆ."

"ಅದನ್ನು ಬರೆಯುವಾಗ ನಾನು ಏನು ಮಾಡುತ್ತಿದ್ದೇನೆಂದು ನನಗೆ ಗೊತ್ತಿರಲಿಲ್ಲ."

ಅವಳಿಗೆ ನಗು ಬಂತು. ಬಟ್ಟಲು ಅಲುಗಿತು. "ನಗಬೇಡ!" ಎಂದು ನಾನು ವಾರ್ಡನ್ ಧ್ವನಿಯಲ್ಲಿ ಗದರಿದೆ, ಅದಕ್ಕೆ ಇನ್ನಷ್ಟು ನಕ್ಕಳು.

ತೋಟದಿಂದ ರೂತ್ ಕೂಗಿದಳು. "ನಾನು ಒಳಗೆ ಬರಬಹುದೇ?"

"ಬೇಡ, ತಡಿಯಮ್ಮ, ಇನ್ನೂ ದೀರ್ಘ ಹಾಕಿಲ್ಲ!" ಎಂದೆ ನಾನು. ಗಾಬರಿಯಲ್ಲಿ ಕನ್ನಡದಲ್ಲೇ ಹೇಳಿಬಿಟ್ಟಿದ್ದೆ. ಅವಳಿಗೆ ಏನು ಅರ್ಥವಾಯಿತೋ ತಿಳಿಯದು. ಕಿಟಕಿಯಿಂದ ನೋಡಿದರೆ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಒಂದು ಹಕ್ಕಿಯೂ ಇಲ್ಲದ ಮರವನ್ನು ಬಹಳ ಶ್ರದ್ಧೆಯಿಂದ ನೋಡುತ್ತ ನಿಂತಿದ್ದಳು.